ಎರೆಭೂತದ ಬಾಣಂತನ

ಫೋಟೋದ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. “ಅಜ್ಜಾರ, ಯಾವ ಕ್ಯಾಮೆರಾ ಚಲೋರಿ?” ನಾನು “ಹೊರಲಿಕ್ಕೆ ಹಗುರ ಇದ್ದದ್ದು” ಎನ್ನುತ್ತೇನೆ. ಮುದುಕನಿಗೆ ಚೇಷ್ಟೆ ಎಂದು ಅವರು ನಗುತ್ತಾರೆ. ಕಟ್ಟಿಗೆಯ ಕ್ಯಾಮೆರಾ, ಅದರ ಮೂರು ಕಾಲು, ಗಾಜಿನ ಪ್ಲೇಟುಗಳ ಪೆಟ್ಟಿಗೆ, ಕರಿ ಬಟ್ಟೆ ಇಷ್ಟನ್ನೂ ಸೈಕಲ್ಲಿಗೆ ಬಿಗಿದುಕೊಂಡು ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ಮುನವಳ್ಳಿ, ಕಟಕೋಳ, ರಾಮದುರ್ಗ ಎಂದು ಬೇಸಿಗೆಯಲ್ಲಿ ತಿರುಗಿದವನಿಗೆ ಬೇರೆ ಉತ್ತರ ಹೊಳೆಯುವುದಿಲ್ಲ. ಆದರೂ ಕೇಳಿದ್ದಾರಲ್ಲ, ಪೂರ್ತಿ ಉತ್ತರ ಬರೆದಿಟ್ಟುಬಿಡೋಣ ಎಂದು ಕುಳಿತಿದ್ದೇನೆ.

ನಾನು ಮುನವಳ್ಳಿಯ ಜೋಶಿಯವರ ಮನೆಯ ಹುಡುಗ. ಅಪ್ಪ ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿದ್ದರು. ನನಗೆ ನಕ್ಷತ್ರಗಳಿಗಿಂತ ನೆಲದ ಮೇಲಿನ ಬೆಳಕು ಹೆಚ್ಚು ಇಷ್ಟ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಮಗ ಕೈತಪ್ಪಿ ಹೋದ ಎಂದು ಅಪ್ಪ ಹಣೆ ಚಚ್ಚಿಕೊಳ್ಳುತ್ತಿರುವಾಗಲೇ, ಅವ್ವ ನನ್ನನ್ನು ಬೈಲಹೊಂಗಲದಲ್ಲಿದ್ದ ತನ್ನ ದೂರದ ಸಂಬಂಧದ ತಮ್ಮ ವಾಮನಮಾಮಾನ ಸ್ಟುಡಿಯೋಕ್ಕೆ ಕಳಿಸಿದಳು.

ವಾಮನಮಾಮಾ ಒಳ್ಳೆಯ ಕೈಯ ಮನುಷ್ಯ, ಕೆಟ್ಟ ಬಾಯಿಯ ಮನುಷ್ಯ. ಸ್ಟುಡಿಯೋದ ಹಿಂಗೋಡೆಗೆ ಒಂದು ದೊಡ್ಡ ಪರದೆ ಇತ್ತು. ಅದರ ಮೇಲೆ ಅವನೇ ಬರೆದ ಒಂದು ಸರೋವರ, ಎರಡು ಹಂಸ, ಮೂರು ತೆಂಗಿನ ಮರ, ಹಿಂದೆ ಚೂಪಾದೊಂದು ಗುಡ್ಡ. ಆ ಗುಡ್ಡವನ್ನು ಅವನು ಎಲ್ಲೂ ನೋಡಿರಲಿಲ್ಲ, ದೇವರೂ ನೋಡಿರಲಿಕ್ಕಿಲ್ಲ. ಆದರೂ ತಾಲೂಕಿನ ಮದುಮಕ್ಕಳೆಲ್ಲ ಅದರ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತವರೇ. ಮುಖದ ಮೇಲಿನ ಸಿಡುಬಿನ ಕಲೆಯನ್ನು ಅವನು ಫೋಟೋ ಮೂಡಿದ ಗಾಜಿನ ಪ್ಲೇಟಿನ ಮೇಲೆ ಪೆನ್ಸಿಲಿನಿಂದ ತೀಡಿ ಮಾಯ ಮಾಡುತ್ತಿದ್ದ. ಗಾಜಿನ ಮೇಲೆ ಬಣ್ಣ ಹಚ್ಚಿದರೆ ಕಾಗದದಲ್ಲಿ ಬೆಳ್ಳಗಾಗುತ್ತದೆ, ಸಣ್ಣ ಚಾಕುವಿನಿಂದ ಕೆರೆದರೆ ಕಪ್ಪಾಗುತ್ತದೆ. ಬಣ್ಣವನ್ನು ತೊಳೆಯಬಹುದು, ಕೆರೆದದ್ದು ಕೆರೆದದ್ದೇ. ಇಷ್ಟು ಕಲಿಯಲು ನನಗೆ ಬಹಳ ಬೈಗುಳ ಬೇಕಾದವು.

ನಮ್ಮ ದೊಡ್ಡ ಗಿರಾಕಿ ಎಂದರೆ ಹತ್ತಿ ಗಿರಣಿಯ ಸಾವಕಾರರು. ಮಿಲಿಟರಿಯ ಹರಾಜಿನಲ್ಲಿ ಕೊಂಡ ಜೀಪು, ಎರಡು ಬಂದೂಕು, ತುಂಬಿದ ಮೀಸೆ. ಶಿಕಾರಿಗೆ ಹೊರಟಾಗ ಫೋಟೋ ತೆಗೆಯಲು ನನ್ನನ್ನೂ ಜೀಪಿನ ಹಿಂದೆ ಹೇರಿಕೊಳ್ಳುತ್ತಿದ್ದರು. ಹೊಡೆದುರುಳಿಸಿದ ಚಿಗರಿಯನ್ನು, ನಮ್ಮ ಬಯಲಿನ ಜಿಂಕೆಯನ್ನು, ಬದುಕಿದಂತೆ ತೋರಿಸುವುದು ನನ್ನ ಕೆಲಸ. ಕುತ್ತಿಗೆಯ ಹಿಂದೆ ಕೋಲು ಕೊಟ್ಟು ತಲೆ ಎತ್ತಿ ನಿಲ್ಲಿಸಬೇಕು, ರಕ್ತ ಒರೆಸಬೇಕು, ಕಣ್ಣಿಗೆ ಒಂದು ಹನಿ ಔಡಲೆಣ್ಣೆ ಬಿಡಬೇಕು, ಆಗ ಕಣ್ಣು ಹೊಳೆಯುತ್ತದೆ. ಸಾವಕಾರರು ಪಕ್ಕದಲ್ಲಿ ಕಾಲೂರಿ ನಿಲ್ಲುತ್ತಿದ್ದರು. ಒಳ್ಳೆಯ ಕೊಂಬು ಸಿಕ್ಕರೆ ಅದನ್ನು ಸ್ಟುಡಿಯೋಕ್ಕೇ ತಂದು, ಹಂಸಗಳ ಮುಂದೆ ಕೂತು ಇನ್ನೊಂದು ತೆಗೆಸುತ್ತಿದ್ದರು. ನನಗೆ ಆ ಔಡಲೆಣ್ಣೆಯ ವಾಸನೆ ಇವತ್ತಿಗೂ ಆಗಿಬರುವುದಿಲ್ಲ.

ನಮ್ಮಲ್ಲಿ ಮರುಭೂಮಿ ಇಲ್ಲ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಅದನ್ನು ಬರೆದವರು ಹೋಳಿ ಹುಣ್ಣಿಮೆ ಕಳೆದ ಮೇಲೆ ಕಟಕೋಳದ ದಾರಿಯಲ್ಲಿ ನಡೆದಿಲ್ಲ. ಜೋಳ ಕೊಯ್ದು, ಹತ್ತಿಕಟ್ಟಿಗೆ ಕಿತ್ತು, ಎರೆಭೂಮಿ ಮೈ ಬಿಚ್ಚಿಕೊಂಡು ಬಿದ್ದಿರುತ್ತದೆ. ಕೈ ಇಳಿಯುವಷ್ಟು ಬಿರುಕು. ಕಣ್ಣು ಹಾಯುವವರೆಗೆ ನೆರಳಿಲ್ಲ. ಮಧ್ಯಾಹ್ನವಾಗುತ್ತಲೂ ನೆಲದ ಮೇಲೆ ನೀರು ಹರಿಯಲು ಶುರುವಾಗುತ್ತದೆ. ನೀರಲ್ಲ, ಬಿಸಿಲ್ಗುದುರೆ. ಅದು ಗೊತ್ತಿದ್ದೂ ಬಾಯಿ ಆರುತ್ತದೆ.

ಒಂದು ಸಲ ಸಾವಕಾರರು ಬಂದೂಕು ಹಿಡಿದು ಹಳ್ಳದ ಕಡೆ ಹೋಗಿದ್ದರು. ನಾನು ಬಯಲಿನಲ್ಲಿ ಕ್ಯಾಮೆರಾ ನಿಲ್ಲಿಸಿ, ಹೊತ್ತು ಹೋಗಲೆಂದು ಕರಿ ಬಟ್ಟೆಯೊಳಗೆ ತಲೆ ತೂರಿಸಿದೆ. ಆ ಕ್ಯಾಮೆರಾದ ಹಿಂದಿನ ಮಬ್ಬು ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ನೆಲ ಮೇಲೆ, ಆಕಾಶ ಕೆಳಗೆ. ಆ ಬೆಳ್ಳನೆಯ ಆಕಾಶದ ಅಂಚಿನಲ್ಲಿ ಚಿಗರಿಗಳ ಹಿಂಡು ಕಾಣಿಸಿತು. ಬಿಸಿಲ್ಗುದುರೆಯಲ್ಲಿ ಅವುಗಳ ಕಾಲು ಕರಗಿಹೋಗಿದ್ದವು. ಕಾಲಿಲ್ಲದ ಚಿಗರಿಗಳು ನನ್ನ ಗಾಜಿನೊಳಗೆ ತೇಲಿಕೊಂಡು ಹೋದವು. ಎಲ್ಲಕ್ಕಿಂತ ಹಿಂದೆ ಕಪ್ಪು ಗಂಡು, ಸುರುಳಿ ಕೊಂಬು, ಎರಡು ಸಲ ಸುಮ್ಮನೆ ಹಾರಿತು. ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ, ಖುಷಿಗೆ ಹಾರಿತು. ನಾನು ಬಟ್ಟೆಯೊಳಗೆ ಬೆವರುತ್ತ, ಉಸಿರು ಹಿಡಿದು ನೋಡಿದೆ. ಇನ್ನು ಮೇಲೆ ತೆಗೆದರೆ ಬದುಕಿದ್ದನ್ನೇ ತೆಗೆಯಬೇಕು ಎಂದು ಅವತ್ತು ಅನ್ನಿಸಿಬಿಟ್ಟಿತು.

“ಬದುಕಿದ ಚಿಗರಿ ಸ್ಟುಡಿಯೋದ ಬಾಡಿಗಿ ಕೊಡ್ತದೇನೋ?” ಎಂದ ವಾಮನಮಾಮಾ. ಆದರೂ ಮದುವೆಯ ಕೆಲಸ ಇಲ್ಲದ ದಿನಗಳಲ್ಲಿ ಕ್ಯಾಮೆರಾ ಒಯ್ಯಲು ಬಿಟ್ಟ. ಬೈದುಕೊಂಡೇ ಬಿಟ್ಟ.

ದೂರದ್ದನ್ನು ಹತ್ತಿರ ತರುವ ಕಾಚು, ಅಂದರೆ ಲೆನ್ಸು, ನಮ್ಮಲ್ಲಿರಲಿಲ್ಲ, ನಾವೇ ಹತ್ತಿರ ಹೋಗಬೇಕು. ಚಿಗರಿ ನಡೆದು ಬರುವ ಮನುಷ್ಯನಿಗೆ ಹೆದರುತ್ತದೆ, ಎತ್ತಿನ ಬಂಡಿಗೆ ಹೆದರುವುದಿಲ್ಲ. ಹಾಗಾಗಿ ನಾನು ಗೊಬ್ಬರ ಹೇರುವ ಬಂಡಿಗಳ ಮರೆಯಲ್ಲಿ ಗಾಲಿಯ ಜೊತೆಗೇ ಹೆಜ್ಜೆ ಹಾಕುತ್ತ ಹೋಗುವುದನ್ನು ರೂಢಿಸಿಕೊಂಡೆ. ಮೊದಲ ಬೇಸಿಗೆಯ ಪ್ಲೇಟುಗಳಲ್ಲಿ ಬಂದದ್ದೆಲ್ಲ ಬರೀ ಮಂಜು. “ಒಲಿ ಹೊಗಿ ತಗದು ತಂದಿಯೇನು?” ಎಂದ ಮಾಮಾ. ಸವದತ್ತಿ ಗುಡ್ಡದಲ್ಲಿ ತೆಗೆದ ನವಿಲುಗಳಂತೂ ಪೂರ್ತಿ ಕಪ್ಪಾಗಿ ಹೋದವು. ಕಂಬಳಿ ಹೊದ್ದುಕೊಂಡು ಅದರ ಕತ್ತಲೆಯಲ್ಲಿ ಪ್ಲೇಟು ಬದಲಿಸಿದ್ದೆ. ಕಂಬಳಿ ಕೊಟ್ಟ ಕುರುಬ ಬೀಡಿಯ ಕಿಡಿಯಿಂದ ಅದಕ್ಕೆಷ್ಟು ತೂತು ಮಾಡಿದ್ದನೋ, ಒಳಗೆ ಕೂತವನಿಗೆ ಅವು ನಕ್ಷತ್ರಗಳ ಹಾಗೆ ಚೆಂದ ಕಂಡಿದ್ದವು. ಅಪ್ಪನ ಮಗ ಅಲ್ಲವೇ, ನಕ್ಷತ್ರ ನೋಡುತ್ತ ಕೂತೆ, ಪ್ಲೇಟು ಹಾಳಾದವು.

ರಾಮದುರ್ಗದ ಕೆಂಪು ಬಂಡೆಗಳ ಹತ್ತಿರ ಇನ್ನೊಂದು ನಡೆಯಿತು. ಸಂಜೆಯ ಬಿಸಿಲು ಬಂಡೆಯ ಮೇಲೆ ಬಿದ್ದು ಜೇನಿನ ಬಣ್ಣವಾಗಿತ್ತು. ನಾನು ಬಟ್ಟೆಯೊಳಗೆ ತಲೆ ಹಾಕಿ ಬಹಳ ಹೊತ್ತು ಕಾಚು ಸರಿಮಾಡುತ್ತ ನಿಂತೆ. ಬೆನ್ನ ಹಿಂದೆ ಯಾರೋ ಇದ್ದಂತಾಯಿತು. ಬಟ್ಟೆ ಸರಿಸಿ ತಿರುಗಿದರೆ ಹತ್ತು ಮಾರು ದೂರದಲ್ಲಿ ತೋಳವೊಂದು ಕುಳಿತಿತ್ತು. ಮರದ ಕಾಲಿನ, ಕರಿ ಮೈಯ, ತಲೆಯಿಲ್ಲದ ಈ ಪ್ರಾಣಿ ಯಾವುದಿರಬಹುದು ಎಂದು ನೋಡಲು ಬಂದಿತ್ತು ಅನ್ನಿಸುತ್ತದೆ. ನನ್ನ ತಲೆ ಹೊರಬಂದದ್ದೇ ಅದಕ್ಕೆ ಆಸಕ್ತಿ ಹೋಯಿತು. ಎದ್ದು, ಮೈ ಮುರಿದು, ನಿಧಾನವಾಗಿ ಬಂಡೆಯ ಹಿಂದೆ ಹೋಯಿತು. ಆ ತೋಳದ ಫೋಟೋ ನನ್ನ ಹತ್ತಿರ ಇಲ್ಲ.

ಈಗ ನೀಲವ್ವನ ಹೊಲಕ್ಕೆ ಬರುತ್ತೇನೆ. ಅದು ಕಟಕೋಳದ ಸುತ್ತಿನಲ್ಲೇ ಇತ್ತು, ಯಾವ ದಿಕ್ಕಿಗೆ ಎಂದು ಇವತ್ತಿಗೂ ಹೇಳುವುದಿಲ್ಲ.

ಶ್ರಾವಣದ ದಿನಗಳು. ಎರೆಹೊಲಕ್ಕೆ ಬಿತ್ತನೆ ಇನ್ನೂ ದೂರ, ರೈತರು ಕುಂಟೆ ಹೊಡೆದು ನೆಲ ಹದ ಮಾಡುತ್ತಿದ್ದರು. ನಾನು ಬದುವಿನ ಮೇಲೆ ಸೈಕಲ್ಲು ತಳ್ಳಿಕೊಂಡು ಬರುವಾಗ ಒಂದು ಹೊಲ ವಿಚಿತ್ರವಾಗಿ ಕಂಡಿತು. ನುಣ್ಣಗೆ ಹರಗಿದ ಕರಿ ನೆಲ, ನಡುವೆ ಒಂದು ಅಂಗಳದಷ್ಟು ಜಾಗ ಮಾತ್ರ ಹುಲ್ಲು ಸಮೇತ ಹಾಗೇ ಬಿಟ್ಟಿತ್ತು. ಕುಂಟೆಯ ಗೆರೆಗಳು ಅಲ್ಲಿಗೆ ಬಂದು, ಸುತ್ತು ಹಾಕಿ ಮುಂದೆ ಹೋಗಿದ್ದವು. ಏನೆಂದು ನೋಡಲು ಹೊಲಕ್ಕಿಳಿದೆ.

“ಯಾರ್ರಿ ಅದು? ಅಲ್ಲೇ ನಿಂದರ್ರಿ! ಒಂದ ಹೆಜ್ಜಿ ಮುಂದ ಇಡಬ್ಯಾಡ್ರಿ!”

ಎತ್ತು ನಿಲ್ಲಿಸಿ ಒಬ್ಬ ಹೆಂಗಸು ಬಾರುಕೋಲು ಹಿಡಿದೇ ಬಂದಳು. ಅರವತ್ತರ ಹತ್ತಿರದ ವಯಸ್ಸು, ಕಚ್ಚೆ ಬಿಗಿದ ಇಳಕಲ್ಲ ಸೀರೆ. ಗಂಡ ತೀರಿದ ಮೇಲೆ ತಾನೇ ಎತ್ತು ಕಟ್ಟಿ ಹೊಲ ಮಾಡುತ್ತಿದ್ದ ನೀಲವ್ವ ಇವಳೇ.

“ಯವ್ವಾ, ಏನೈತಿ ಅಲ್ಲಿ?”

“ಬಾಣಂತಿ ಅದಾಳ.”

ನನಗೆ ತಿಳಿಯಲಿಲ್ಲ. ಅವಳು ನನ್ನ ಭುಜ ಹಿಡಿದು ಕೂರಿಸಿ, ಹುಲ್ಲಿನ ಕಡೆ ಬೊಟ್ಟು ಮಾಡಿದಳು. ಬಹಳ ಹೊತ್ತಿನ ಮೇಲೆ ಕಂಡಿತು. ಹುಲ್ಲಿನದೇ ಬಣ್ಣದ ಬೆನ್ನು, ನೆಲಕ್ಕೆ ಹಾಸಿದ ಉದ್ದ ಕುತ್ತಿಗೆ, ಒಂದು ಕಣ್ಣು. ಎರೆಭೂತ! ಮನುಷ್ಯನ ಸೊಂಟದೆತ್ತರದ ಆ ಹಕ್ಕಿ ಬಯಲಿನಲ್ಲಿ ದೂರ ನಡೆಯುವುದನ್ನು ನೋಡಿದ್ದೆ, ಇಷ್ಟು ಹತ್ತಿರ ಎಂದೂ ನೋಡಿರಲಿಲ್ಲ. ಬರೀ ನೆಲದ ಮೇಲೆ ಒಂದೇ ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತು. ಎತ್ತು ಹತ್ತಿರ ಬಂದರೆ ಎದ್ದು ರೆಕ್ಕೆ ಅಗಲಿಸಿ ನಿಲ್ಲುತ್ತದಂತೆ, ಎತ್ತುಗಳೇ ಹಾದಿ ಬಿಡುತ್ತವಂತೆ.

ನನ್ನ ಕೈ ಆಗಲೇ ಕ್ಯಾಮೆರಾದ ಹಗ್ಗ ಬಿಚ್ಚುತ್ತಿತ್ತು.

“ಅದೇನ್ರಿ ಡಬ್ಬಿ?”

“ಫೋಟೋ ತಗಿಯೂದು. ಒಂದ ನಿಮಿಷ ಯವ್ವಾ, ಅದಕ್ಕ ಏನೂ ಆಗೂದಿಲ್ಲ.”

“ನೀವು ಯಾರ ಪೈಕಿ?”

“ಮುನವಳ್ಳಿ ಜೋಶ್ಯಾರ ಪೈಕಿ.”

“ಜೋಶ್ಯಾರ ಮನಿಯವ್ರಾಗಿ ಇಷ್ಟೂ ತಿಳಿಯೂದಿಲ್ಲೇನ್ರಿ? ಬಾಣಂತಿ ಕ್ವಾಣ್ಯಾಗ ಗಂಡಸರು ಇಣಕತಾರೇನು? ಅಕಿ ನನ್ನ ಹೊಲಕ್ಕ ಬಾಣಂತನಕ್ಕ ಬಂದಾಳ. ಅಂದಮ್ಯಾಲೆ ಇದು ಅಕಿ ತವರಮನಿ. ಕೂಸು ಹೊರಗ ಬೀಳಲಿ, ಆಮ್ಯಾಲೆ ನೋಡೂಣು.”

ಮರಿ ಹೊರಬಂದ ಮೇಲೆ ಹಕ್ಕಿ ಅಲ್ಲಿ ನಿಲ್ಲುವುದಿಲ್ಲ, ಅದನ್ನು ನಡೆಸಿಕೊಂಡು ಹೊರಟುಹೋಗುತ್ತದೆ ಎಂದು ಬೇಡಿಕೊಂಡೆ. ಅವಳು ಜಗ್ಗಲಿಲ್ಲ. ಕಡೆಗೆ ನಾನು ಬೇಡುವುದನ್ನು ಬಿಟ್ಟು ಕ್ಯಾಮೆರಾದ ಹಗ್ಗ ಮತ್ತೆ ಬಿಗಿದಾಗ ಅವಳ ಮನಸ್ಸೂ ಮೆತ್ತಗಾಯಿತು. ದಿನಾ ಬಂದು ದೂರದಲ್ಲಿ ಕೂರಬಹುದು, ಹಕ್ಕಿಗೆ ನನ್ನ ರೂಢಿಯಾಗಲಿ ಎಂದಳು. ತಾನೇ ಕಣಕಿಯ ಸೂಡು, ಒಣಗಿದ ಜೋಳದ ದಂಟಿನ ಕಟ್ಟು, ಹೊತ್ತು ತಂದು, ಮೈ ಮುದುಡಿ ಮಲಗುವಷ್ಟು ದೊಡ್ಡ ಗೂಡು ಕಟ್ಟಿಕೊಟ್ಟಳು. ಎರಡು ಕರಾರು ಹಾಕಿದಳು. ಒಂದು, ಮರಿ ರೆಕ್ಕೆ ಬಲಿತು ಹಾರುವವರೆಗೆ ಈ ಜಾಗ ಬಂದೂಕಿನವರ ಕಿವಿಗೆ ಬೀಳಬಾರದು. “ತವರಮನಿಯವ್ರಾಂಗ ಕಾಯಬೇಕ್ರಿ ಜೋಶ್ಯಾರ. ಮಾತ ಕೊಡ್ರಿ.” ಕೊಟ್ಟೆ. ಎರಡನೆಯದನ್ನು ಸ್ವಲ್ಪ ನಾಚಿಕೊಂಡು ಹೇಳಿದಳು. “ನನ್ನ ಫೋಟೋ ಬ್ಯಾಡ. ಆದ್ರ ಅಕಿ ಸಂಗಾಟ ನನ್ನ ಹೊಲಾ ಪೂರ್ತಿ ಬರಬೇಕು ನೋಡ್ರಿ. ಅದನ್ನ ನನಗ ಕೊಡಬೇಕು.”

ಆ ಶ್ರಾವಣದಂಥ ದಿನಗಳು ನನ್ನ ವೃತ್ತಿಯಲ್ಲಿ ಮತ್ತೆ ಬರಲಿಲ್ಲ. ಮುಂಜಾನೆ ಮುನವಳ್ಳಿಯ ನಮ್ಮ ಮನೆಯಿಂದ ಸೈಕಲ್ಲು ತುಳಿದು ಬಂದು ಕಣಕಿಯ ಗೂಡಿನಲ್ಲಿ ಮಲಗುತ್ತಿದ್ದೆ. ಒಳಗೆ ಹಳೆಯ ಜೋಳದ ಸಿಹಿ ವಾಸನೆ. ಮೋಡಗಳ ನೆರಳು ಒಂದಾದ ಮೇಲೊಂದು ಕರಿ ನೆಲದ ಮೇಲೆ ತೇಲಿ ಬಂದು, ನನ್ನ ಮೇಲೆ ಹಾದು, ಹಕ್ಕಿಯ ಮೇಲೆ ಹಾದು ಗುಡ್ಡ ಹತ್ತಿ ಹೋಗುತ್ತಿದ್ದವು. ಹನಿ ಬಿದ್ದರೂ ಹಕ್ಕಿ ಅಲುಗುತ್ತಿರಲಿಲ್ಲ. ಒಮ್ಮೊಮ್ಮೆ ನನಗೆ ನಿದ್ದೆ ಹತ್ತಿ, ಎಚ್ಚರವಾದಾಗ ಅದು ನನ್ನನ್ನೇ ನೋಡುತ್ತಿರುತ್ತಿತ್ತು. ದೂರದಲ್ಲಿ ಗಂಡು ಹಕ್ಕಿ ಬಿಳಿ ಎದೆ ಉಬ್ಬಿಸಿಕೊಂಡು ಗುಂ ಎನ್ನುವುದು ನೆಲದೊಳಗಿಂದ ಬಂದ ಹಾಗೆ ಕೇಳಿಸುತ್ತಿತ್ತು. ನಾನು ಯಾರು, ಯಾಕೆ ಬಂದಿದ್ದೇನೆ ಎನ್ನುವುದೇ ಮರೆತುಹೋಗುತ್ತಿತ್ತು. ನನಗೆ ಅಷ್ಟು ಸುಖವಾಗಿತ್ತು.

ಒಂದು ಮುಂಜಾನೆ ನೀಲವ್ವ ಬದುವಿನ ಮೇಲೆ ನಿಂತು ಸೆರಗು ಬೀಸುತ್ತಿದ್ದಳು. “ಕೂಸು ಬಂತ್ರಿ! ಈಗ ಬರ್ರಿ!” ಗೂಡಿನ ಬಾಯಿಗೆ ಕ್ಯಾಮೆರಾ ನಿಲ್ಲಿಸಿ, ಹೊಲವೆಲ್ಲ ಬರುವ ಹಾಗೆ ಹಿಡಿದು, ಒತ್ತಿದರೆ ಫೋಟೋ ಬೀಳುವ ರಬ್ಬರಿನ ಗುಂಡು ಕೈಯಲ್ಲಿಟ್ಟುಕೊಂಡು ಕಾದೆ. ಹಕ್ಕಿ ಎದ್ದಿತು. ಅದರ ಕಾಲಸಂದಿಯಲ್ಲಿ ಹುಲ್ಲಿನ ಬಣ್ಣದ ಪುಟ್ಟ ಮರಿ ತಡವರಿಸುತ್ತ ನಿಂತಿತು. ತಾಯಿ ಕುತ್ತಿಗೆ ಬಾಗಿಸಿ ಅದನ್ನು ಮುಟ್ಟಿದ ಗಳಿಗೆಯಲ್ಲಿ ಗುಂಡು ಒತ್ತಿದೆ. ಆಮೇಲೆ ಅವೆರಡೂ ಹರಗಿದ ಹೊಲ ದಾಟಿ, ಅವಸರವಿಲ್ಲದೆ, ಗುಡ್ಡದ ಬುಡದ ಹುಲ್ಲುಗಾವಲಿನ ಕಡೆ ನಡೆದುಹೋದವು. ನೀಲವ್ವ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಪ್ಲೇಟು ತೊಳೆದಾಗ ವಾಮನಮಾಮಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನು ಬೈಯದೇ ಇದ್ದದ್ದು ಅದೇ ಮೊದಲು. ಹಕ್ಕಿ, ಮರಿ, ಕುಂಟೆಯ ಗೆರೆ, ಬದು, ಒಂಟಿ ಜಾಲಿ, ಅದರ ಹಿಂದೆ ನಡುವೆ ಸೀಳಿದ ಜೋಡಿ ಗುಡ್ಡ, ಎಲ್ಲವೂ ಚೊಕ್ಕವಾಗಿ ಬಂದಿದ್ದವು.

ಖುಷಿ ತಡೆಯಲಾಗದೆ ಅವನು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ. ಸಾವಕಾರರಿಗೂ ಹೇಳಿದ. ಸಾವಕಾರರು ಎಷ್ಟೋ ವರ್ಷದಿಂದ ಎರೆಭೂತ ಹೊಡೆಯಬೇಕೆಂದು ತಿರುಗುತ್ತಿದ್ದರು. ಅದರ ಮಾಂಸ ಅವರಿಗೆ ಬಲು ಇಷ್ಟ. ನಾಳೆಯೇ ಬಂದು ಫೋಟೋ ನೋಡುತ್ತಾರಂತೆ.

ಆ ಜೋಡಿ ಗುಡ್ಡವನ್ನು ಜೀಪಿನಲ್ಲಿ ಸುತ್ತಿದವರು ಯಾರಾದರೂ ಗುರುತಿಸುತ್ತಾರೆ. ಮರಿಗೆ ಹಾರಲು ಇನ್ನೂ ತಿಂಗಳುಗಳು ಬೇಕು. ಅದನ್ನು ಬಿಟ್ಟು ತಾಯಿ ಎಲ್ಲಿಗೂ ಹೋಗುವುದಿಲ್ಲ.

“ಎಂಥಾ ಕೆಲಸ ಮಾಡಿದೆ ಮಾಮಾ! ನಾ ಮಾತು ಕೊಟ್ಟು ಬಂದೇನಿ.”

“ಯಾರಿಗೆ?”

ಬಾಣಂತಿ, ತವರುಮನೆ ಎಲ್ಲವನ್ನೂ ಹೇಳಿದೆ. ಸಾವಕಾರರಿಗೆ ಇಲ್ಲ ಎಂದರೆ ಸ್ಟುಡಿಯೋದ ಅರ್ಧ ಕೆಲಸ ಹೋದಂತೆ, ಅದು ಇಬ್ಬರಿಗೂ ಗೊತ್ತಿತ್ತು. ಪ್ಲೇಟು ಒಡೆದುಬಿಡುತ್ತೇನೆ ಎಂದು ಕೈಗೆತ್ತಿಕೊಂಡೆ.

“ಇಡೋ ಕೆಳಗ! ಹುಚ್ಚನ ಹಂಗ ಮಾಡಬ್ಯಾಡ,” ಎಂದು ಮಾಮಾ ಗದರಿಸಿದ. ಸ್ವಲ್ಪ ಹೊತ್ತು ಪರದೆಯ ಕಡೆ ನೋಡುತ್ತ ಕೂತ. “ಆ ಮುದುಕಿಗೆ ಒಂದು ಪ್ರಿಂಟು ತಗದಿಡು. ಇದ್ದದ್ದು ಇದ್ದಾಂಗ ತಗಿ. ಆಮ್ಯಾಲೆ ಈ ಪ್ಲೇಟು ಹಿಂಗ ಉಳಿಯೂದಿಲ್ಲ.”

ನಾನು ಪ್ರಿಂಟು ತೆಗೆದಿಟ್ಟೆ. ಅವನು ಕಿಟಕಿಯ ಬೆಳಕಿಗೆ ಕೂತು, ಕನ್ನಡಕ ಒರೆಸಿಕೊಂಡು, ಜೋಡಿ ಗುಡ್ಡದ ಮೇಲೂ ಜಾಲಿಯ ಮೇಲೂ ಕೆಂಪು ಬಣ್ಣ ಎಳೆದ. ಅವು ಆಕಾಶವಾಗಿ ಹೋದವು. ಆಮೇಲೆ ಚಾಕು ಹಿಡಿದು ಆಕಾಶವನ್ನು ಕೆರೆಯುತ್ತ, ಉಸಿರು ಬಿಗಿಹಿಡಿದು, ಹೊಸ ಗುಡ್ಡ ಬರೆದ. ಚೂಪಾದ ಗುಡ್ಡ. ಯಾವುದೆಂದು ನಾನು ಗುರುತಿಸಿ ನಕ್ಕಾಗ, “ಹಂಸ ಎರಡೂ ಹಾಕಲೇನು?” ಎಂದ.

ಮರುದಿನ ಸಾವಕಾರರು ಪ್ರಿಂಟು ಹಿಡಿದು ಕಣ್ಣರಳಿಸಿದರು.

“ಭಾರಿ ಐತ್ರಿ ವಾಮನರಾಯರ! ಎಲ್ಲೀದು ಇದು? ಈ ಗುಡ್ಡಾ ಎಲ್ಲೋ ನೋಡಿದಾಂಗ ಐತಲ್ರಿ.”

ನಾನು ಪರದೆಗೆ ಅಡ್ಡ ನಿಂತೆ. ಮಾಮಾ ಮಾತ್ರ ಗಟ್ಟಿ. “ನೀವು ಊರೂರು ತಿರಗವ್ರು, ನೋಡೇ ಇರ್ತೀರಿ. ಹುಡುಗ ಕಿತ್ತೂರ ಕಡೆ ಹೋಗಿದ್ದ ನೋಡ್ರಿ.”

ಕಿತ್ತೂರಿನ ಕಡೆ ಕೆಂಪು ಮಣ್ಣು, ಮರಗಿಡ, ಮಳೆ. ಎರೆಭೂತ ಅಲ್ಲಿ ಕಾಲಿಡುವುದಿಲ್ಲ. ಸಾವಕಾರರು ಆ ಗುಡ್ಡ ಹುಡುಕುತ್ತ ಅಲ್ಲೆಲ್ಲ ತಿರುಗಿದರು. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಜೀಪು ಕೆಸರಿನಲ್ಲಿ ಹೂತು, ಎತ್ತು ಕಟ್ಟಿ ಎಳೆಸಬೇಕಾಯಿತಂತೆ. ದಸರೆಗೆ ಹೊಸ ಕೋಟು ಹಾಕಿಕೊಂಡು ಫೋಟೋ ತೆಗೆಸಲು ಬಂದವರು, ಹಂಸಗಳ ಮುಂದೆ ಕೂತು ನಿಟ್ಟುಸಿರು ಬಿಟ್ಟರು. “ಗುಡ್ಡಾನ ಸಿಗಲಿಲ್ರಿ.” ಅವರ ತಲೆಯ ಹಿಂದೆಯೇ ಗುಡ್ಡ ಚೂಪಾಗಿ ಎದ್ದು ನಿಂತಿತ್ತು. ಮಾಮಾ ಕರಿ ಬಟ್ಟೆಯೊಳಗೆ ತಲೆ ಹಾಕಿ, “ಗದ್ದ ಸ್ವಲ್ಪ ಮ್ಯಾಲೆತ್ರಿ” ಎಂದ. ಬಟ್ಟೆ ಅಲುಗುತ್ತಿತ್ತು.

ಸೀಗೆ ಹುಣ್ಣಿಮೆ ಕಳೆದ ಮೇಲೆ ಪ್ರಿಂಟು ತೆಗೆದುಕೊಂಡು ನೀಲವ್ವನಲ್ಲಿಗೆ ಹೋದೆ. ಆ ಒಂದು ಕಾಗದ ಬಿಟ್ಟರೆ ನಾನು ತೆಗೆದ ಚಿತ್ರ ಬೇರೆಲ್ಲೂ ಉಳಿದಿರಲಿಲ್ಲ. ಅವಳು ಹೊಲದ ಗುಡಿಸಲಿನಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

“ಇದು ನನ್ನ ಬದು. ಇದು ಜಾಲಿ. ಇಲ್ಲಿ ಕುಂಟಿ ಸ್ವಲ್ಪ ಸೊಟ್ಟ ಹೋಗೈತಿ ನೋಡ್ರಿ, ಎಡಗಡಿ ಎತ್ತಿಂದು ಕಿತಾಪತಿ.” ಬೆರಳು ಹಕ್ಕಿಯ ಮೇಲೆ ಬಂದು ನಿಂತಿತು. “ಯವ್ವಾ... ನನ್ನ ಹೊಲಾ ಇಷ್ಟ ಚಂದ ಐತೇನ್ರಿ?”

ಐತಿ ಎಂದೆ. ಸಾವಕಾರರ ಕಥೆಯನ್ನೂ ಹೇಳಿದೆ. ಗಹಗಹಿಸಿ ನಕ್ಕಳು. ನಗು ನಿಂತ ಮೇಲೆ ಮತ್ತೆ ಕಾಗದ ನೋಡಿದಳು.

“ಅಂದ್ರ ಗುಡ್ಡಾ ನೋಡಿದ್ರ ಜಾಗಾ ತಿಳೀತೈತಿ?”

“ತಿಳೀತೈತಿ.”

“ಇದರಾಗ ಗುಡ್ಡಾ ಐತೆಲ್ರಿ.”

“ಇದು ನಿಮ್ಮ ಮನ್ಯಾಗ ಇರೂದಲ್ಲೇನ್ ಯವ್ವಾ.”

“ಮನಿ ಅಂದಮ್ಯಾಲೆ ಮಂದಿ ಬರ್ತಾರ ಹೋಗ್ತಾರ.” ಇನ್ನೊಂದು ಸಲ, ನಿಧಾನವಾಗಿ, ಮೂಲೆಯಿಂದ ಮೂಲೆಗೆ ನೋಡಿದಳು. ನೋಡಿ ಮುಗಿಸಿದಳು. ಆಮೇಲೆ ಅದನ್ನು ರೊಟ್ಟಿಯ ಹಂಚಿನ ಕೆಳಗೆ ಉರಿಗೆ ತೂರಿಸಿಬಿಟ್ಟಳು.

ನಾನು ಕೂಗಿಕೊಂಡು ಒಲೆಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು, ಎತ್ತು ಹಿಡಿಯುವ ಕೈ ಅದು. ಕಾಗದ ಸುರುಳಿ ಸುತ್ತಿ ಉರಿಯಿತು. ನನಗೆ ಸಿಟ್ಟು ಬಂತು, ಅಳುವೂ ಬಂತು. ನಾನು ತೆಗೆದದ್ದರಲ್ಲೆಲ್ಲ ಒಳ್ಳೆಯದು ಅದು. ಆಮೇಲೆ ಐವತ್ತು ಬೇಸಿಗೆ ತಿರುಗಿದರೂ ಅಂಥದು ಇನ್ನೊಂದು ಬರಲಿಲ್ಲ.

“ನಾ ನೋಡಿದ್ನೆಲ್ರಿ ಜೋಶ್ಯಾರ, ಸಾಕು,” ಎಂದಳು. “ನೀವು ಗಾಜು ಕೆರದು ಮಾತು ಉಳಿಸಿಕೊಂಡ್ರಿ. ನಂದೂ ಒಂದ ಮಾತು ಇರತೈತಿಲ್ಲ ಅಕಿಗೆ?”

ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ಅದನ್ನು ತೆಗೆದು, ಮೇಲೆ ಬೆಣ್ಣೆ ಇಟ್ಟು ನನ್ನ ಕೈಗೆ ಕೊಟ್ಟಳು. ನಮ್ಮ ಮನೆಯ ಮಡಿಯಲ್ಲಿ ಬೆಳೆದವನು ಹೊರಗೆ ಬೇಯಿಸಿದ್ದನ್ನು ತಿಂದಿರಲಿಲ್ಲ. ಅವತ್ತು ಯಾವ ಮಡಿಯನ್ನೂ ಎಣಿಸದೆ, ಅಳುತ್ತಲೇ ತಿಂದೆ.

ಹೊರಟಾಗ ಬದುವಿನವರೆಗೆ ಬಂದಳು. “ಬರೂ ಶ್ರಾವಣಕ್ಕ ಮತ್ತ ಬರ್ತಾಳ ಅಕಿ. ನೀವೂ ಬರ್ರಿ. ಆ ಡಬ್ಬಿ ಬಿಟ್ಟು ಬರ್ರಿ.”

ಬರುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಸೈಕಲ್ಲು ಹತ್ತಿದೆ. ದಾರಿಯುದ್ದಕ್ಕೂ ಅವಳನ್ನು ಬೈದೆ.

ಮುಂದಿನ ಶ್ರಾವಣದಲ್ಲಿ ಕ್ಯಾಮೆರಾ ಬಿಟ್ಟು ಹೋದೆ. ಬೈಲಹೊಂಗಲದಿಂದ ಹೊರಟ ಸೈಕಲ್ಲು ಎಷ್ಟು ಹಗುರವಾಗಿತ್ತೆಂದರೆ ಮುನವಳ್ಳಿ ದಾಟಿದ್ದೇ ತಿಳಿಯಲಿಲ್ಲ. ನೀಲವ್ವ ಹೊಸ ಕಣಕಿಯ ಗೂಡು ಕಟ್ಟಿಟ್ಟಿದ್ದಳು. ಹಕ್ಕಿ ಬಂದು ಕೂತಿತ್ತು. ನಾನು ಒಳಗೆ ಹೊಕ್ಕು ಮಲಗಿ, ಸಂಜೆಯವರೆಗೆ ಅದನ್ನು ನೋಡಿದೆ.